ಸೋನಾ ಮಸೂರಿ ಸಿಗದಾಗ ಕೇಳದೆ ಬಿಟ್ಟ ಪ್ರಶ್ನೆ

2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಾಗಲಿ ಮೆಲ್ಬರ್ನ್‌ನ ಡ್ಯಾಂಡೆನಾಂಗ್‌ನಲ್ಲಾಗಲಿ ನಮ್ಮವರು ಆಗ ಆಡಿದ್ದು ಒಂದೇ ಮಾತು: ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಎಷ್ಟು ಚೀಲ ಕೊಡುತ್ತಾರೆ? ಅದನ್ನು ಬೆಳೆಯುವ ಗಂಗಾವತಿ, ಸಿಂಧನೂರಿನ ರೈತನಿಗೆ ಏನಾಯಿತು ಎಂದು ಕೇಳಿದವರನ್ನು ನಾನಂತೂ ಕಾಣಲಿಲ್ಲ.

ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಇಳುವರಿ ಕುಸಿದಾಗ ರೈತನಿಗೆ ಉಳಿಯುವುದು ಬೆಲೆಯೊಂದೇ. ಜಗತ್ತಿನ ಅಕ್ಕಿ ಬೆಲೆ ಆಗಸ್ಟ್‌ನಲ್ಲಿ ಹದಿನೈದು ವರ್ಷಗಳಲ್ಲೇ ಕಾಣದ ಎತ್ತರಕ್ಕೇರಿತು. ಅದು ಅವನಿಗೆ ದಕ್ಕದಂತೆ ಬಾಗಿಲು ಹಾಕಿದ್ದು, ಕ್ವಿಂಟಲಿಗೆ 2,183 ರೂಪಾಯಿ ಬೆಂಬಲ ಬೆಲೆ ಘೋಷಿಸಿ ಬೆನ್ನು ತಟ್ಟಿಕೊಂಡ ಸರ್ಕಾರವೇ.

ಹಾಗಾದರೆ ಬಡವರು ಏನು ಉಣ್ಣಬೇಕು? ನ್ಯಾಯವಾದ ಪ್ರಶ್ನೆ. ಆದರೆ ಆಹಾರ ನಿಗಮದ ಗೋದಾಮಿನಲ್ಲಿ ಅಕ್ಕಿಯ ದಾಸ್ತಾನು ನಿಯಮಕ್ಕಿಂತ ಬಹಳ ಹೆಚ್ಚೇ ಇತ್ತು. ಅನ್ನಭಾಗ್ಯಕ್ಕೆಂದು ದುಡ್ಡು ಕೊಟ್ಟು ಕೊಳ್ಳುತ್ತೇವೆಂದ ಕರ್ನಾಟಕಕ್ಕೆ ಜೂನ್‌ನಲ್ಲೇ ಇಲ್ಲವೆಂದಾಗಿತ್ತು. ರಾಜ್ಯ ಕೊನೆಗೆ ಕಿಲೋಗೆ 34 ರೂಪಾಯಿಯಂತೆ ಹಣ ಹಂಚಿತು. ಬಡವರ ಅನ್ನದ ಖರ್ಚನ್ನು ಖಜಾನೆ ಹೊರಲಿ. ಮೂರು ಎಕರೆಯವನ ತಲೆಗೆ ಅದನ್ನು ಕಟ್ಟುವುದೇಕೆ?

ಇನ್ನು ನಾವು ತೆರಿಗೆ ಕಟ್ಟುವ ಈ ದೇಶದ ಸಂಗತಿ. ಭಾರತದ ಬೆಂಬಲ ಬೆಲೆ ಶೇ. 10ರ ಮಿತಿ ಮೀರಿದೆ ಎಂದು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಕರಾರು ಎತ್ತುವವರಲ್ಲಿ ಆಸ್ಟ್ರೇಲಿಯವೂ ಒಂದು. ಆ ಲೆಕ್ಕ 1986-88ರ ಬೆಲೆಯನ್ನು ಆಧಾರವಾಗಿಟ್ಟುಕೊಂಡಿದ್ದು! ಆಸ್ಟ್ರೇಲಿಯವೇ ಸದಸ್ಯನಾಗಿರುವ ಒಇಸಿಡಿ ರಫ್ತು ನಿರ್ಬಂಧಗಳನ್ನೂ ಸೇರಿಸಿ ಎಣಿಸಿದರೆ ಭಾರತದ ರೈತನಿಗೆ ಸಿಗುವ ಒಟ್ಟು ಬೆಂಬಲ ಸೊನ್ನೆಗಿಂತ ಕೆಳಗೆ. ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದು ಹೆಚ್ಚು. ರಿವರಿನಾದ ಭತ್ತದವರಿಗೋ, ದಶಕಗಳ ಕಾಲ ನ್ಯೂ ಸೌತ್ ವೇಲ್ಸ್ ಕಾನೂನೇ ಕಾವಲು: ರಫ್ತಿನ ಹಕ್ಕು ಸನ್‌ರೈಸ್ ಸಂಸ್ಥೆಯೊಂದಕ್ಕೇ, ರೈತರು ಪರಸ್ಪರ ಪೈಪೋಟಿಗೆ ಬೀಳಬಾರದೆಂದು. 2008ರಲ್ಲಿ ಬರ ಬಡಿದು ಅಲ್ಲಿ ಬೆಳೆಯೇ ಇಲ್ಲವೆನ್ನುವಂತಾದಾಗಲೂ ಸಿಡ್ನಿಯವರ ಅನ್ನ ಅಗ್ಗವಾಗಲಿ ಎಂದು ಯಾರೂ ರಫ್ತು ನಿಲ್ಲಿಸಲಿಲ್ಲ.

ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ. ನಮ್ಮ ಚೀಲಗಳು ಮರಳಿದವು, ಮಾತೂ ನಿಂತಿತು. ಊರಿನಿಂದ ಮಂತ್ರಿಗಳು ಬಂದಾಗ ನಮ್ಮ ಸಂಘಗಳು ಶಾಲು ಹೊದಿಸಿ ಹಾರ ಹಾಕುತ್ತವೆ. ಹೊದಿಸಲಿ. ಮುಂದಿನ ಸಲ ಅದೇ ವೇದಿಕೆಯ ಮೇಲೆ ಒಬ್ಬರಾದರೂ ಕೇಳಲಿ: ಸ್ವಾಮಿ, ಆ ಹದಿನಾಲ್ಕು ತಿಂಗಳಲ್ಲಿ ರೈತನ ಕೈತಪ್ಪಿದ ದುಡ್ಡು ಕೊಡುವವರು ಯಾರು?