ಅಮ್ಮನ ಪಂಪ್ ಸ್ಟವ್ವೂ ಹೊಸ ಬಗೆಯ ವಿಮಾನವೂ

ಮಕ್ಕಳೇ, ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಹಿತ್ತಾಳೆಯ ಪಂಪ್ ಸ್ಟವ್ ಇತ್ತು. ಒಂದು ದಿನ ಅಮ್ಮ ನೀರು ತರಲು ಹೋಗಿದ್ದಾಗ ಅದನ್ನು ನಾನೇ ಹಚ್ಚಲು ಹೋದೆ. ಬರ್ನರ್ ಕಾಯುವ ಮೊದಲೇ ಪಂಪ್ ಹೊಡೆದುಬಿಟ್ಟೆ. ಸೀಮೆಎಣ್ಣೆ ಹನಿಹನಿಯಾಗಿ ಚಿಮ್ಮಿ, ಹಳದಿ ಬೆಂಕಿ ಭಗ್ಗೆಂದು ಎದ್ದು ನನ್ನ ಹುಬ್ಬು ಸುಟ್ಟಿತು. ಓಡಿಬಂದ ಅಮ್ಮ ಸ್ಟವ್ವಿನ ಗಾಳಿ ಬಿಟ್ಟು ಆರಿಸಿದಳು. "ಉರಿಯೋದು ಎಣ್ಣೆ ಅಲ್ಲ ಕಣೋ, ಎಣ್ಣೆಯ ಆವಿ. ಅದು ಆವಿಯಾಗೋ ತನಕ ಕಾಯಬೇಕು" ಎಂದಳು.

ಡೆಟೊನೇಷನ್ ಎಂಜಿನ್ ಬಗ್ಗೆ ಓದುವಾಗ ಆ ಮಾತು ನೆನಪಾಯಿತು. ಜೆಟ್ ಎಂಜಿನ್ನಿನಲ್ಲಿ ಇಂಧನ ಒಂದೇ ಸಮನೆ ಉರಿಯುತ್ತದೆ. ಇದರಲ್ಲಿ ಹಾಗಲ್ಲ. ಉದ್ದನೆಯ ಕೊಳವೆಯಲ್ಲಿ ಇಂಧನ, ಗಾಳಿ ತುಂಬಿ ಕಿಡಿ ಹೊತ್ತಿಸಿದರೆ ಬೆಂಕಿಯ ಅಲೆ ಸೆಕೆಂಡಿಗೆ ಸುಮಾರು 1,800 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಅಂದರೆ ನಮ್ಮ ಸುತ್ತಲಿನ ಗಾಳಿಯಲ್ಲಿ ಶಬ್ದ ಸಾಗುವ ವೇಗದ ಐದು ಪಟ್ಟು! ಕೊಳವೆ ಖಾಲಿಯಾಗಿ, ಮತ್ತೆ ತುಂಬಿ, ಮತ್ತೆ ಸ್ಫೋಟ. 2008ರ ಜನವರಿ 31ರಂದು ಅಮೆರಿಕದ ಮೊಹಾವೆಯಲ್ಲಿ ಇಂಥ ಎಂಜಿನ್ ಕೂರಿಸಿದ 'ಲಾಂಗ್ ಈಜೀ' ಎಂಬ ಪುಟ್ಟ ವಿಮಾನ ಹಾರಿತು. ನಾಲ್ಕು ಕೊಳವೆ, ಸೆಕೆಂಡಿಗೆ 80 ಸ್ಫೋಟ. ಮೇಲೇರಲು ಸಣ್ಣ ರಾಕೆಟ್ಟಿನ ನೆರವು ಬೇಕಾಯಿತು. ಆಮೇಲೆ ಸುಮಾರು 30 ಮೀಟರ್ ಎತ್ತರದಲ್ಲಿ ಸ್ವಂತ ಬಲದಿಂದ 10 ಸೆಕೆಂಡು ಹಾರಿತು, ಅಷ್ಟೇ!

ತೊಡಕಿರುವುದು ಇಂಧನದಲ್ಲಿ. ಹೈಡ್ರೋಜನ್‌ನಂಥ ಅನಿಲವಾದರೆ ಗಾಳಿಯೊಡನೆ ತಟ್ಟನೆ ಬೆರೆಯುತ್ತದೆ. ಆದರೆ ಅದನ್ನು ತುಂಬಿಡಲು ದೊಡ್ಡ ತೊಟ್ಟಿ ಬೇಕು. ವಿಮಾನಕ್ಕೆ ಅನುಕೂಲ ದ್ರವ ಇಂಧನವೇ. ಅದೋ ಹನಿಯಾಗಿದ್ದರೆ ಆವಿಯಾಗಲು ಹೊತ್ತು ಹಿಡಿಯುತ್ತದೆ. ಎರಡು ಸ್ಫೋಟಗಳ ನಡುವೆ ಅಷ್ಟು ಪುರುಸೊತ್ತೆಲ್ಲಿ?

ಅದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ದಾರಿ ಅಮ್ಮನ ಸ್ಟವ್ವಿನದೇ. ಸ್ಫೋಟದಿಂದ ಕಾದ ಕೊಳವೆಗೆ ಇಂಧನದ ನಳಿಗೆಯನ್ನು ತಾಗಿಸಿ ಹಾಯಿಸುತ್ತಾರೆ. ಒತ್ತಡದಲ್ಲಿರುವುದರಿಂದ ಇಂಧನ ಎಷ್ಟು ಕಾದರೂ ಕುದಿಯುವುದಿಲ್ಲ. ಸಣ್ಣ ತೂತಿನಿಂದ ಹೊರಬಿದ್ದೊಡನೆ ಒತ್ತಡ ಇಳಿದು ಕ್ಷಣದಲ್ಲೇ ಆವಿಯಾಗುತ್ತದೆ.

ಇನ್ನೊಂದು ಕಾಟವೂ ಸ್ಟವ್ವಿನದೇ. ಕಾದ ಇಂಧನ ನಳಿಗೆಯೊಳಗೆ ಕರಿ ಕಟ್ಟಿ ತೂತು ಮುಚ್ಚುತ್ತದೆ. ಇಂಧನದಲ್ಲಿ ಕರಗಿರುವ ಆಮ್ಲಜನಕ ಅದಕ್ಕೊಂದು ಕಾರಣ. ಆದ್ದರಿಂದ ಮೊದಲೇ ಇಂಧನದೊಳಗೆ ಸಾರಜನಕದ ಗುಳ್ಳೆ ಹಾಯಿಸಿ ಆಮ್ಲಜನಕವನ್ನು ಹೊರದೂಡುತ್ತಾರೆ. ಅಮ್ಮನ ಹತ್ತಿರ ಇದ್ದದ್ದು ಸ್ಟವ್ ಪಿನ್ನು ಮಾತ್ರ!

ಬೆಂಕಿಯ ಜೊತೆ ಆಡಬೇಡಿ. ಬೇಕಾದರೆ ಅಜ್ಜಿಯನ್ನು ಕೇಳಿ, ಸ್ಟವ್ ಪಿನ್ನಿನ ಕಥೆ ಹೇಳುತ್ತಾರೆ. ಆ 10 ಸೆಕೆಂಡು ಹಾರಿದ ವಿಮಾನ ಈಗ ಅಮೆರಿಕದ ಡೇಟನ್ ನಗರದ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಸ್ಟವ್ ಅಟ್ಟದ ಮೇಲಿದೆ.