ಸೂಜಿಯೂ ಅರಿವೂ

ರೋಗಿಯ ತೋಳಿನಿಂದ ಹೊರತೆಗೆದ ಸೂಜಿಯನ್ನು ಎಲ್ಲಿ ಹಾಕಬೇಕೆಂಬುದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಕಸದ ಬುಟ್ಟಿಗೆ ಬಿದ್ದ ಅದೇ ಸೂಜಿ ದವಾಖಾನೆ ಗುಡಿಸುವ ಹೆಣ್ಣುಮಗಳ ಬೆರಳನ್ನು ಚುಚ್ಚೀತು. ತಿಪ್ಪೆಯಲ್ಲಿ ಆಡುವ ಕೂಸಿನ ಕಾಲಿಗೆ ನೆಟ್ಟೀತು. ಇಲ್ಲವೆ ಇನ್ನೊಬ್ಬನ ಮೈಯನ್ನೇ ಹೊಕ್ಕೀತು. ಇದು ಬರಿಯ ಊಹೆಯಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಒಮ್ಮೆ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಹರಡಿ ಹಲವರು ಪ್ರಾಣ ಕಳೆದುಕೊಂಡರು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1998ರಲ್ಲಿಯೇ ನಿಯಮಗಳು ಬಂದವು. 2016ರಲ್ಲಿ ಹೊಸದಾಗಿ ರೂಪುಗೊಂಡವು. ರಕ್ತ ಹತ್ತಿದ ಅರಳೆ, ಬಟ್ಟೆಗಳಿಗೆ ಹಳದಿ ಚೀಲ, ಪ್ಲಾಸ್ಟಿಕ್ ನಳಿಕೆ, ಕೈಗವಸುಗಳಿಗೆ ಕೆಂಪು, ಸೂಜಿ, ಬ್ಲೇಡುಗಳಿಗೆ ತೂತು ಬೀಳದ ಬಿಳಿಯ ಡಬ್ಬಿ, ಗಾಜಿಗೆ ನೀಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಆಸ್ಪತ್ರೆಯ ಕಸದಲ್ಲಿ ನೂರಕ್ಕೆ ಸುಮಾರು 85 ಪಾಲು ಮನೆಯ ಕಸದಂತೆಯೇ ಇರುತ್ತದೆ. ಉಳಿದ 15 ಪಾಲು ಅದರೊಳಗೆ ಬೆರೆತರೆ ಎಲ್ಲವೂ ಅಪಾಯಕರವೇ ಸರಿ. ಆದುದರಿಂದ ಬೇರ್ಪಡಿಸುವ ಕೆಲಸ ಕಸ ಹುಟ್ಟಿದ ಜಾಗದಲ್ಲಿ, ಅದನ್ನು ಹುಟ್ಟಿಸಿದ ಕೈಯಿಂದಲೇ ಆಗತಕ್ಕದ್ದು.

ವೈದ್ಯಕೀಯ ಕಾಲೇಜುಗಳಿರುವ ವಿಜಯಪುರದಂಥ ಊರಿನಲ್ಲಿ ಆ ಕೈ ಎಷ್ಟೋ ಸಲ ವಿದ್ಯಾರ್ಥಿಯದು. ಮಸೂತಿಯಂಥ ಹಳ್ಳಿಯ ಕನ್ನಡ ಶಾಲೆಯಿಂದ ನರ್ಸಿಂಗ್ ಕಲಿಯಲು ಹೋಗುವ ಹುಡುಗಿ ಈ ಬಣ್ಣಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಾಳು. ಆದರೆ ಸೂಜಿಗೆ ಬೇರೆ ಡಬ್ಬಿ ಏಕೆಂಬುದನ್ನು ವಾರ್ಡು ಗುಡಿಸುವಾಕೆಗೆ ಆಕೆಯ ಮಾತಿನಲ್ಲಿ ತಿಳಿಯಹೇಳಬಲ್ಲಳೆ? ಕನ್ನಡದ ಅಧ್ಯಾಪಕನಾದ ನನಗೆ ಕೊರತೆ ಕಾಣುವುದು ಇಲ್ಲಿಯೇ. ತನ್ನ ಭಾಷೆಯಲ್ಲಿ ಇನ್ನೊಬ್ಬರಿಗೆ ತಿಳಿಸಲಾರದ ವಿಷಯ ಪರೀಕ್ಷೆಯ ಉತ್ತರವಾದೀತು, ಅರಿವಾಗಲಾರದು.

ಮಸೂತಿಗೆ ದೂರವಲ್ಲದ ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಕಾಯಕದಲ್ಲಿ ಮೇಲುಕೀಳನ್ನು ಒಪ್ಪದ ಶರಣರು ಅರಿವನ್ನು ಆಚಾರದಿಂದ ಎಂದೂ ಬೇರೆಮಾಡಲಿಲ್ಲ. ಅವರ ನೆಲದಲ್ಲಿ ಚಿಕಿತ್ಸೆ ನೀಡುವ ಕೈಗೂ ಕಸ ಹೊರುವ ಕೈಗೂ ಒಂದೇ ಬೆಲೆಯಿರಬೇಡವೆ?

ಈ ಪಾಠವನ್ನು ಕನ್ನಡದಲ್ಲಿಯೂ ಕಲಿಸಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊಠಡಿಯಲ್ಲಿ ಕೇಳಿದ್ದನ್ನು ವಾರ್ಡಿನ ಕೆಲಸಗಾರರಿಗೆ ತಾನೇ ವಿವರಿಸಬೇಕು; ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕು. ಅಂಕಗಳಲ್ಲಿ ಒಂದು ಪಾಲು ಇದಕ್ಕೂ ಮೀಸಲಾಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನೂ ಬೇಡ. ಕಾಲೇಜುಗಳು ಮನಸ್ಸು ಮಾಡಿದರೆ ಬರುವ ವರ್ಷದಿಂದಲೇ ತೊಡಗಬಹುದು.