ಮರಳಿದವರಿಗೆ ಗೌರವ, ಮರಳದವರಿಗೆ?

2024ರ ಅಕ್ಟೋಬರ್ 4ರಂದು ಕೇರಳದ ಪತ್ತನಂತಿಟ್ಟ ಜಿಲ್ಲೆಯ ಇಲಂತೂರಿನಲ್ಲಿ ಸೈನಿಕನೊಬ್ಬನ ಅಂತ್ಯಕ್ರಿಯೆ ಸೇನಾ ಗೌರವದೊಂದಿಗೆ ನಡೆಯಿತು. ಆತನ ಹೆಸರು ಥಾಮಸ್ ಚೆರಿಯನ್. ಮೃತಪಟ್ಟಾಗ ವಯಸ್ಸು 22. ಮೃತಪಟ್ಟದ್ದು 1968ರ ಫೆಬ್ರವರಿ 7ರಂದು. ಹುಟ್ಟೂರಿನ ಮಣ್ಣಿಗೆ ಆತ ಮರಳಲು 56 ವರ್ಷಗಳು ಹಿಡಿದವು. ದಾರಿ ಕಾದ ತಂದೆ-ತಾಯಿ ಆ ವೇಳೆಗೆ ಇರಲಿಲ್ಲ. ಅಂದು ನೆರೆದವರಲ್ಲಿ ಬಹುಪಾಲು ಜನ ಆತನನ್ನು ಕಣ್ಣಾರೆ ಕಂಡಿರಲಾರರು. ಆದರೂ ಊರಿಗೆ ಊರೇ ಬಂದು ನಿಂತಿತು. ವರದಿಗಳನ್ನು ಓದುತ್ತಾ ನನ್ನ ಮನಸ್ಸು ತುಂಬಿ ಬಂದದ್ದು ನಿಜ. ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಎದ್ದಿತು.

ಚಂಡೀಗಡದಿಂದ ಲೇಹ್‌ಗೆ ಹೊರಟಿದ್ದ ವಾಯುಪಡೆಯ ಎ.ಎನ್.-12 ವಿಮಾನ ಹವಾಮಾನ ಕೆಟ್ಟದ್ದರಿಂದ ಹಿಂದಿರುಗುತ್ತಿದ್ದಾಗ ರೋಹ್ತಾಂಗ್ ಕಣಿವೆಯ ಬಳಿ ಕಣ್ಮರೆಯಾಯಿತು. ಅದರಲ್ಲಿ 102 ಜನರಿದ್ದರು. 2003ರಲ್ಲಿ ಮನಾಲಿಯ ಪರ್ವತಾರೋಹಣ ಸಂಸ್ಥೆಯ ತಂಡವೊಂದಕ್ಕೆ ಹಿಮನದಿಯಲ್ಲಿ ಅವಶೇಷಗಳು ಕಾಣಿಸುವವರೆಗೂ ಅದು ಎಲ್ಲಿ ಬಿದ್ದಿತೆಂಬ ಸುಳಿವೇ ಇರಲಿಲ್ಲ. ಬಳಿಕ ಸೇನೆ ಹಲವು ಬಾರಿ ಶೋಧ ನಡೆಸಿತು. 2019ರ ಹೊತ್ತಿಗೆ ಐದು ದೇಹಗಳು ಸಿಕ್ಕಿದ್ದವು. 2024ರಲ್ಲಿ ಡೋಗ್ರಾ ಸ್ಕೌಟ್ಸ್ ಸೈನಿಕರೂ ಪರ್ವತ ರಕ್ಷಣಾ ತಂಡದವರೂ ಸೇರಿ ಮತ್ತೆ ನಾಲ್ಕನ್ನು ಹೊರತೆಗೆದರು. ಚೆರಿಯನ್ ಅವರ ದೇಹ ಆ ನಾಲ್ಕರಲ್ಲೊಂದು. ಉಳಿದವರು ಇನ್ನೂ 93.

ಕಾಣೆಯಾಗುವುದು ಸಾವಿಗಿಂತ ಭಿನ್ನವಾದ ಸ್ಥಿತಿ. ನಮ್ಮಜ್ಜಿಯ ಊರಿನಲ್ಲಿ ಒಬ್ಬ ಹೆಂಗಸು ಇದ್ದರು. ಗಂಡ ಸೈನಿಕನಲ್ಲ, ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದವನು. ಮತ್ತೆ ಬರಲಿಲ್ಲ, ಕಾಗದವೂ ಬರಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ದರ್ಭೆಯಲ್ಲಿ ಪ್ರತಿಕೃತಿ ಮಾಡಿ ದಹಿಸಬಹುದೆಂದು ಪುರೋಹಿತರು ತಿಳಿಸಿದರು. ಆಕೆ ಒಪ್ಪಲಿಲ್ಲ. ಕುಂಕುಮ ಇಟ್ಟುಕೊಂಡೇ ಮುದುಕಿಯಾದರು. ಅರಿಸಿನ-ಕುಂಕುಮಕ್ಕೆ ಅವರನ್ನು ಕರೆಯಬೇಕೋ ಬಿಡಬೇಕೋ ಎಂದು ಪ್ರತಿ ಹಬ್ಬದಲ್ಲೂ ನೆರೆಮನೆಯವರು ತಮ್ಮೊಳಗೇ ಚರ್ಚಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕಾನೂನು ಶಾಸ್ತ್ರಕ್ಕಿಂತ ಅವಸರದ್ದು. ಬಲ್ಲವರಿಗೆ ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ವಾದಿಸುವವರೇ ಅದನ್ನು ಸಾಬೀತುಪಡಿಸಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. ಅದರ ಬದಲಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ಇದೆ. ಪಿಂಚಣಿಗೆ, ಆಸ್ತಿಗೆ ಇದು ಸಾಕು. ಮನೆಯವರಿಗೆ ಸಾಲದು.

ಸಿಯಾಚಿನ್‌ನ ಚಂದ್ರಶೇಖರ ಹರ್ಬೋಲಾ ಅವರ ಪ್ರಕರಣವನ್ನೇ ನೋಡಿ. 19ನೇ ಕುಮಾವೂಂ ಪಡೆಯ ಈ ಲ್ಯಾನ್ಸ್ ನಾಯಕ್ 1984ರ ಮೇ ತಿಂಗಳಲ್ಲಿ, ಆಪರೇಷನ್ ಮೇಘದೂತದ ವೇಳೆ, ಹಿಮಪಾತಕ್ಕೆ ಸಿಕ್ಕಿದರು. ದೇಹ ದೊರೆತದ್ದು 2022ರ ಆಗಸ್ಟ್‌ನಲ್ಲಿ. ಪತ್ನಿ 38 ವರ್ಷ ಕಾದಿದ್ದರು. ಗುರುತು ಹಿಡಿಯಲು ನೆರವಾದದ್ದು ಸೇನಾ ಸಂಖ್ಯೆಯನ್ನು ಕೆತ್ತಿದ್ದ ಲೋಹದ ಬಿಲ್ಲೆ. ರೋಹ್ತಾಂಗ್‌ನಲ್ಲಿ ಚೆರಿಯನ್ ಮತ್ತಿತರರ ಗುರುತು ಸಿಕ್ಕಿದ್ದು ಅವರ ಬಳಿಯಿದ್ದ ಕಾಗದಪತ್ರಗಳಿಂದ. ಒಂದು ಬಿಲ್ಲೆ, ಒಂದಿಷ್ಟು ಕಾಗದ. ಇವೂ ಇಲ್ಲದ ದೇಹ ಸಿಕ್ಕರೆ?

ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ಬಿಲ್ಲೆ, ಕಾಗದ ಇಲ್ಲದಾಗ ಉಳಿಯುವ ದಾರಿ ಬಹುಮಟ್ಟಿಗೆ ಡಿಎನ್‌ಎ ಪರೀಕ್ಷೆ. ಅದಕ್ಕೆ ಹೋಲಿಸಿ ನೋಡಲು ಬಂಧುಗಳ ಮಾದರಿ ಬೇಕು. ಹಳೆಯ ಮೂಳೆಗಳಲ್ಲಿ ಹೆಚ್ಚು ಕಾಲ ಬಾಳುವುದು ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ಇಳಿದು ಬರುವುದು ತಾಯಿಯಿಂದ ಮಾತ್ರ. ಹೀಗಾಗಿ ಸೈನಿಕನ ಸ್ವಂತ ಮಕ್ಕಳಲ್ಲಿ ಅದು ಇರದು. ಒಡಹುಟ್ಟಿದವರಲ್ಲಿ ಇರುತ್ತದೆ, ಅಕ್ಕತಂಗಿಯರ ಮಕ್ಕಳಲ್ಲಿ ಇರುತ್ತದೆ. 1968ರಲ್ಲಿ ಹದಿನೈದು ವರ್ಷದವಳಾಗಿದ್ದ ತಂಗಿಗೆ ಈಗ ಎಪ್ಪತ್ತು ದಾಟಿದೆ. ಅಕ್ಕತಂಗಿಯರೇ ಇಲ್ಲದ ಮನೆಯಾದರೆ ಕೊನೆಯ ತಮ್ಮನೊಂದಿಗೆ ಆ ಸಾಕ್ಷ್ಯವೂ ಬಹುಪಾಲು ಚಿತೆಯೇರುತ್ತದೆ. ಹಿಮಕ್ಕೆ ಅವಸರವಿಲ್ಲ, ಬಂಧುಗಳ ಆಯುಷ್ಯಕ್ಕೆ ಇದೆ.

ಅಮೆರಿಕದಲ್ಲಿ ಕಾಣೆಯಾದ ಸೈನಿಕರ ಪತ್ತೆಗೆಂದೇ ರಕ್ಷಣಾ ಇಲಾಖೆಯ ಸಂಸ್ಥೆಯಿದೆ, ಹವಾಯಿಯಲ್ಲಿ ಅದರ ಪ್ರಯೋಗಾಲಯವಿದೆ. ಬಂಧುಗಳ ಡಿಎನ್‌ಎ ಮಾದರಿಯನ್ನು ಮೊದಲೇ ಸಂಗ್ರಹಿಸಿಡುವ ಪದ್ಧತಿ ಅಲ್ಲಿದೆ. ವಿಶೇಷವೆಂದರೆ, ಎರಡನೆಯ ಮಹಾಯುದ್ಧದಲ್ಲಿ ಭಾರತದ ನೆಲದಲ್ಲಿ ಕಾಣೆಯಾದ ಅಮೆರಿಕನ್ನರನ್ನು ಹುಡುಕಲು ಅದರೊಂದಿಗೆ 2021ರಲ್ಲಿ ಒಪ್ಪಂದ ಮಾಡಿಕೊಂಡಿರುವುದು ನಮ್ಮದೇ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ. ಅವರಿಗಾಗಿ ಬಳಸಬಹುದಾದ ವಿದ್ಯೆಯನ್ನು ರೋಹ್ತಾಂಗ್‌ನ 93 ಮನೆಗಳಿಗಾಗಿಯೂ ಬಳಸಲಡ್ಡಿಯಿಲ್ಲ.

ಮೂಳೆಗಳಿಗಾಗಿ ಬದುಕಿರುವ ಸೈನಿಕರ ಪ್ರಾಣವನ್ನು ಪಣಕ್ಕೊಡ್ಡಬೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಆಕ್ಷೇಪವೆಂದೇ ನಾನು ಒಪ್ಪುತ್ತೇನೆ. ಸಿಯಾಚಿನ್ ಎಂತಹ ಜಾಗವೆಂಬುದು ಕನ್ನಡಿಗರಿಗೆ ಗೊತ್ತು. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ನಂತರ ಹಿಮದಡಿಯಿಂದ ಜೀವಂತ ತೆಗೆದಾಗ ನಾವೆಲ್ಲ ಟಿ.ವಿ. ಮುಂದೆ ಕುಳಿತು ಪ್ರಾರ್ಥಿಸಿದ್ದೆವು. ಅವರು ಉಳಿಯಲಿಲ್ಲ. ಶೋಧ ಯಾವಾಗ, ಎಷ್ಟು ನಡೆಯಬೇಕೆಂಬುದನ್ನು ಸೇನೆಯೇ ನಿರ್ಧರಿಸಲಿ. ಆದರೆ ಬಯಲಿನಲ್ಲಿ ಮಾಡಬೇಕಾದ ಕೆಲಸಕ್ಕೆ ಹಿಮಪಾತದ ಭಯವಿಲ್ಲ.

ಎಲ್ಲರೂ ಮರಳಿ ಬರುವುದೂ ಇಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ಹಿಂದಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಅವರು ಕೆಡವಿದ್ದರೆಂಬ ಸಂಗತಿ ಬೆಳಕಿಗೆ ಬಂದದ್ದು ಅನೇಕ ವರ್ಷಗಳ ನಂತರ, ಅದೂ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅವರ ದೇಹವನ್ನು ಪಾಕಿಸ್ತಾನದ ಹಳ್ಳಿಗರು ಅಲ್ಲಿಯೇ ಮಣ್ಣು ಮಾಡಿದ್ದರು. ದೇಹ ಬಾರದಿದ್ದರೂ ಸುದ್ದಿ ಬಂತು. ಆ ಸುದ್ದಿಗೂ ಮನೆಯವರು ವರ್ಷಗಟ್ಟಲೆ ಕಾಯಬೇಕಾಯಿತು.

ಕುಶಾಲತೋಪಿನ ಗೌರವವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅದು ಸಲ್ಲಲೇಬೇಕು. ಆದರೆ ಅದು ಸಲ್ಲುವುದು ಸಿಕ್ಕವರಿಗೆ ಮಾತ್ರ. ಸಿಗದವರ ವಿಳಾಸಗಳು ಸೇನೆಯ ಹಳೆಯ ಕಡತಗಳಲ್ಲಿರುತ್ತವೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ಒಬ್ಬರು ಆ ಮನೆಗಳ ಬಾಗಿಲು ತಟ್ಟಿ, ಇದುವರೆಗೆ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂದು ತಿಳಿಸಿ, ಉಳಿದಿರುವ ಅಣ್ಣತಮ್ಮ, ಅಕ್ಕತಂಗಿಯರ ಕೆನ್ನೆಯ ಒಳಭಾಗದಿಂದ ಹತ್ತಿಯ ಕಡ್ಡಿಯಲ್ಲಿ ಒಂದು ಮಾದರಿ ತೆಗೆದುಕೊಳ್ಳಬೇಕು. ಒಂದು ನಿಮಿಷದ ಕೆಲಸ. ಮುಂದಿನ ಬೇಸಿಗೆಯಲ್ಲಿ ಹಿಮ ಕರಗುವುದರೊಳಗೆ ಇದನ್ನು ಆರಂಭಿಸಬಹುದು.